ಬಾಗಿಲು ತೆಗೆದ ದಿನ

ಅಕ್ಟೋಬರಿನಲ್ಲಿ ಹಾಕಿದ ಅಗುಳಿಯನ್ನು
ಮೇ ಕೊನೆಗೆ ತೆಗೆಯುವುದು ನಮ್ಮ ಕೈನೂ ಸೀಮೆಯ ರೂಢಿ,
ಕೆರೆಯ ಹಿಮಗಡ್ಡೆ ಬಿರಿದ ಮೂರು ವಾರಕ್ಕೆ.
ಅಲ್ಲಿಯತನಕ ದನಗಳಿಗೆ ಲೋಕವೆಂದರೆ
ಒಂದು ಗೋದಲೆ, ಒಂದು ಲಾಟೀನು,
ಅಮ್ಮನ ರಬ್ಬರ್ ಬೂಟಿನ ಸಪ್ಪಳ.

ಒಮೆನಾ ಹುಟ್ಟಿದ್ದು ಜನವರಿಯಲ್ಲಿ.
ಒಮೆನಾ ಅಂದರೆ ಸೇಬು. ಸೇಬಿನ ಮರ ಕಂಡವಳಲ್ಲ ನಾನು,
ಕ್ಯಾಲೆಂಡರಿನ ಚಿತ್ರ ನೋಡಿ ಇಟ್ಟ ಹೆಸರು.
ಬಿಸಿಲು ಅಂತೊಂದು ಇದೆ ಎಂದು
ಆ ಕರುವಿಗೆ ಹೇಳಿದವಳೂ ನಾನೇ,
ಕಿವಿಯೊಳಗೆ ಬಾಯಿಟ್ಟು.

ಹಿಂದಿನ ಬೇಸಗೆಯ ಹುಲ್ಲು ಮೂರು ಮಳೆ ತಿಂದಿತ್ತು.
ಹರವಿದಾಗೆಲ್ಲ ಮಳೆ, ತಿರುವಿ ಹಾಕಿದಾಗೆಲ್ಲ ಮಳೆ.
ಹಸಿರೆಲ್ಲ ತೊಳೆದುಹೋಗಿ ಚಹದ ಚರಟದ ಬಣ್ಣ.
"ಹೊಟ್ಟೆ ತುಂಬುತ್ತಲ್ಲ" ಅಂದಿದ್ದ ಅಪ್ಪ.
ತುಂಬುತ್ತಿತ್ತು. ಸುಳ್ಳಲ್ಲ.

ಅಗುಳಿ ತೆಗೆದರು.
ಹೊಸ್ತಿಲಲ್ಲಿ ನಿಂತು ಒಮೆನಾ ಬೆಳಕನ್ನು ಮೂಸಿತು.
ನಾನು ಚಪ್ಪಾಳೆ ತಟ್ಟಿದೆ. ಓಡು, ಅಂದೆ.
ಓಡಿತು.
ಬಾಲ ನೆಟ್ಟಗೆ, ನಾಲ್ಕು ಕಾಲು ನಾಲ್ಕು ದಿಕ್ಕಿಗೆ,
ಇಲ್ಲದ ಬೇಲಿಯನ್ನು ಹಾರಿ, ಇದ್ದ ಬೇಲಿಗೆ ಢಿಕ್ಕಿ ಹೊಡೆದು,
ಮತ್ತೆ ತಿರುಗಿ, ಮತ್ತೆ;
ನಾನು ಹಿಂದೆ ಹಿಂದೆ, ಬರಿಗಾಲಲ್ಲಿ,
ಹಿಮ ಕರಗಿದ ಕೆಸರಲ್ಲಿ ಬಿದ್ದು ನಗುತ್ತ.

ಮರುದಿನ ಏಳಲಿಲ್ಲ.
ಮುಂಗಾಲೂರಿ, ಹಿಂಗಾಲು ಮಡಿಸಿ, ನಾಯಿಯಂತೆ ಕೂತಿತ್ತು.
ಕಣ್ಣು ಚುರುಕು. ಹಸಿವಿತ್ತು, ನನ್ನ ಬೆರಳು ಚೀಪಿತು.
ತೊಡೆ ಮುಟ್ಟಿದರೆ ಮರದ ಹಲಗೆ.
ಉಚ್ಚೆ ಕಾಫಿ ಬಣ್ಣ.
"ಓಡಿಸಿ ಕೊಂದೆ" ಅಂದ ಅಪ್ಪ.
ಅದಿನ್ನೂ ಸತ್ತಿರಲಿಲ್ಲ.

ಸತ್ತಿದ್ದು ಮಧ್ಯಾಹ್ನ, ಹಾಲು ಕುಡಿಯುತ್ತಲೇ,
ಯಾರೋ ಕರೆದಂತೆ ತಲೆಯೆತ್ತಿ.

ದನದ ಡಾಕ್ಟರು ರಾಕೆಲ್ ತೆರ್ವೊನೆನ್
ಹಳೆಯ ಬಾಗಿಲೊಂದನ್ನು ನೆಲಕ್ಕೆ ಹಾಸಿ, ಕೊಯ್ದು ನೋಡಿದರು.
"ಹುಡುಗಿಯನ್ನು ಕರೆಯಿರಿ, ಅವಳು ನೋಡಬೇಕು."
ಕೆಂಪಗಿರಬೇಕಾದ ತೊಡೆಯಲ್ಲಿ
ಬೇಯಿಸಿದ ಮೀನಿನಂತೆ ಬಿಳಿ ಗೀರುಗಳು.
ಗುಂಡಿಗೆಯಲ್ಲೂ,
ಸುಣ್ಣದ ಬೆರಳಲ್ಲಿ ಯಾರೋ ಮುಟ್ಟಿ ಬಿಟ್ಟ ಹಾಗೆ.
"ಇದು ನಿನ್ನೆ ಆದದ್ದಲ್ಲ ಮಗೂ.
ನಿನ್ನೆ ಓಡಿದ್ದರಿಂದ ಗೊತ್ತಾಯಿತು, ಅಷ್ಟೆ."

ಆಮೇಲೆ ಅಪ್ಪನ ಕಡೆ ತಿರುಗಿದರು:
ಹಿಮನದಿ ಕೆರೆದುಕೊಂಡು ಹೋದ ನೆಲ ಇದು,
ಮಣ್ಣಲ್ಲಿ ಇಲ್ಲ, ಹುಲ್ಲಿಗೆ ಇಲ್ಲ,
ತಾಯಿಯಲ್ಲೇ ಇಲ್ಲದ್ದು ಕೆಚ್ಚಲಿಗೆ ಎಲ್ಲಿಂದ ಇಳಿಯಬೇಕು?
ಒಣಹುಲ್ಲಲ್ಲಿ ಉಳಿದಿದ್ದ ಜೀವಸತ್ವ ಮಳೆಗೆ ಹೋಯಿತು.
ಸೆಲೆನಿಯಂ ಅಂದರು. ಚಂದ್ರನ ಹೆಸರಂತೆ ಅದಕ್ಕೆ.
ಎಷ್ಟು ಬೇಕು, ಕೇಳಿದಳು ಅಮ್ಮ.
"ಉಗುರ ಸಂದಿಯ ಮಣ್ಣಿಗಿಂತ ಕಡಿಮೆ.
ಹೆಚ್ಚು ಕೊಟ್ಟರೆ ಅದೂ ಕೊಲ್ಲುತ್ತದೆ."

ಅಪ್ಪ ಟೋಪಿ ತೆಗೆದು ಕೈಯಲ್ಲಿ ತಿರುಗಿಸಿದ.
ಆಡಿದ ಮಾತು ವಾಪಸು ತೆಗೆದುಕೊಳ್ಳಲಿಲ್ಲ.
ಅಂದು ಸಂಜೆ ಕಾಫಿ ಕುಡಿಯಲಿಲ್ಲ;
ನಮ್ಮ ಮನೆಯ ಗಂಡಸರು ಅಳುವುದು ಹಾಗೆ.
ಉಳಿದೆರಡು ಕರುಗಳಿಗೆ ಸೂಜಿ ಚುಚ್ಚಿದರು,
ಹತ್ತು ದಿನ ಕತ್ತಲಲ್ಲೇ ಕಟ್ಟಿದರು.
ಹೊರಗೆ ರಾತ್ರಿಯೇ ಇಲ್ಲದ ಕಾಲ.
ಚಂದ್ರನನ್ನು ಹುಡುಕಿದೆ. ಇದ್ದ, ಆಕಾಶದಷ್ಟೇ ಬಿಳಿ,
ಇದ್ದೂ ಇಲ್ಲದ ಹಾಗೆ.

ಶರತ್ಕಾಲಕ್ಕೆ ಸಹಕಾರಿ ಅಂಗಡಿಯಿಂದ
ಅಪ್ಪ ಒಂದು ಪುಟ್ಟ ಚೀಲ ತಂದ, ಅದರೊಳಗೊಂದು ಚಮಚ.
ಚಮಚ ನನ್ನ ಕೈಗಿಟ್ಟ. "ನೀನೇ ಅಳೆ."
ಚಾಕುವಿನ ಬೆನ್ನಿಂದ ತಲೆ ಸವರಿ, ಉಸಿರು ಹಿಡಿದು,
ಚಳಿಗಾಲವಿಡೀ ಅಳೆದೆ.

ಮತ್ತೆ ಮೇ.
ಅಪ್ಪ ಅಗುಳಿಯ ಹತ್ತಿರ ಹೋಗಿ, ಪಕ್ಕಕ್ಕೆ ಸರಿದು ನಿಂತ.
ನಾನು ತೆಗೆದೆ.
ಎರಡೂ ಕೈ ಜೇಬಿನಲ್ಲಿ ತುರುಕಿಕೊಂಡೆ.
ಹೊಸ ಕರು ಬೆಳಕನ್ನು ಮೂಸಿತು, ಹೋಯಿತು.

ರಾತ್ರಿಯಿಡೀ ಬೆಳಕಿತ್ತು.
ರಾತ್ರಿಯಿಡೀ ಬೇಲಿಯ ಮೇಲೆ ಕೂತು
ಅದರ ಹಿಂಗಾಲುಗಳನ್ನೇ ನೋಡಿದೆ.